ಸರಾಯ್‌ಗಳ ಊರಿನಲ್ಲಿ ಒಬ್ಬ ಬಾಡಿಗೆದಾರ

1987ರಲ್ಲಿ ನನಗೆ ದೆಹಲಿಗೆ ವರ್ಗವಾಯಿತು. ಅಲ್ಲಿಯವರೆಗೆ ತಿಪಟೂರಿನ ಕೊಬ್ಬರಿ ಮಂಡಿಯ ಖಾತೆಗಳನ್ನು ನೋಡಿಕೊಂಡಿದ್ದವನು ನಾನು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಮ್ಮ ಕಟ್ಟಿಕೊಟ್ಟ ಎರಡು ಡಬ್ಬಿ ಚಟ್ನಿಪುಡಿ ಹೊತ್ತು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದೆ. ಬ್ಯಾಂಕಿನ ಸಹೋದ್ಯೋಗಿಯೊಬ್ಬರು ದಕ್ಷಿಣ ದೆಹಲಿಯ ಬೇರ್ ಸರಾಯ್ ಎಂಬಲ್ಲಿ ಒಂದು ಕೋಣೆ ಹುಡುಕಿಕೊಟ್ಟರು. ಹೊಸ ವಿಳಾಸವನ್ನು ಕನ್ನಡದಲ್ಲೇ ಬರೆದು ಊರಿಗೆ ಕಾಗದ ಹಾಕಿದೆ. ಹದಿನೈದು ದಿನಕ್ಕೆ ಅಮ್ಮನ ಉತ್ತರ ಬಂತು. "ಏನಪ್ಪಾ ಇದು, ಬ್ಯಾಂಕಿನೋನಿಗೆ ಇರೋದಕ್ಕೆ ಬೇರೆ ಜಾಗ ಸಿಗಲಿಲ್ವಾ? ಬೀರು ಸಾರಾಯಿ ಅಂತ ವಿಳಾಸ ಬರ್ದಿದೀಯಲ್ಲ, ಪೋಸ್ಟಿನವನ ಎದುರಿಗೆ ಓದೋಕೇ ನಾಚಿಕೆ ಆಗುತ್ತೆ."

ಸರಾಯ್ ಅಂದರೆ ನಮ್ಮ ಕಡೆಯ ಛತ್ರ ಇದ್ದ ಹಾಗೆ ಅಂತ ಅಮ್ಮನಿಗೆ ಬರೆದು ಸಮಾಧಾನ ಮಾಡಿದೆ. ಆದರೆ ನಿಜವಾಗಿ ಆಗ ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಮನೆ ಮಾಲೀಕರು ಹುಕ್ಕಾ ಸೇದುತ್ತಾ ಬೀದಿಯಲ್ಲೇ ಹಗ್ಗದ ಮಂಚ ಹಾಕಿಕೊಂಡು ಕೂತಿರುತ್ತಿದ್ದ ಮುದುಕರು. ಒಂದು ಸಂಜೆ ಅವರನ್ನೇ ಕೇಳಿದೆ. "ಇದು ಮುಸಾಫಿರರ ಜಾಗ ಬಾಬೂಜಿ. ನಿಮ್ಮಂಥವರು ಬರ್ತಾರೆ, ಹೋಗ್ತಾರೆ. ಬಾಡಿಗೆ ಮಾತ್ರ ಐದನೇ ತಾರೀಖಿನೊಳಗೆ ಬಂದುಬಿಡಬೇಕು" ಅಂದರು. ಸರಾಯ್‌ನ ಚರಿತ್ರೆಯಲ್ಲಿ ನನಗೆ ಸಿಕ್ಕ ಮೊದಲ ಪಾಠ ಇದು!

ಆಮೇಲೆ ಗಮನಿಸುತ್ತಾ ಹೋದರೆ ದೆಹಲಿ ತುಂಬ ಸರಾಯ್‌ಗಳೇ. ಬೇರ್ ಸರಾಯ್, ಜಿಯಾ ಸರಾಯ್, ಕಟ್ವಾರಿಯಾ ಸರಾಯ್, ಲಾಡೋ ಸರಾಯ್, ಯೂಸುಫ್ ಸರಾಯ್, ಸರಾಯ್ ರೋಹಿಲ್ಲಾ, ಸರಾಯ್ ಕಾಲೇ ಖಾನ್. ಬಸ್ಸಿನ ಬೋರ್ಡಿನಲ್ಲಿ ದಿನವೂ ಓದುವ ಹೆಸರುಗಳು. ಇವುಗಳಲ್ಲಿ ಹೆಚ್ಚಿನ ಕಡೆ ಕೇಳಿಕೊಂಡು ಹೋದರೆ ಸಿಗುವುದು ನಾಲ್ಕು ಅಂತಸ್ತಿನ ಒತ್ತೊತ್ತಾದ ಮನೆಗಳು, ಜೆರಾಕ್ಸ್ ಅಂಗಡಿಗಳು, ಪರೀಕ್ಷೆಗೆ ಓದುವ ಹುಡುಗರು. ಸರಾಯ್ ಎಂಬ ಕಟ್ಟಡ ಇರುವುದಿಲ್ಲ, ಹೆಸರು ಮಾತ್ರ ಉಳಿದಿರುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಖಾತೆ ಇದೆ, ಬಾಕಿ ಸೊನ್ನೆ. ಆ ಸೊನ್ನೆಯ ಹಿಂದೆ ಏನಿತ್ತು ಅಂತ ಹುಡುಕುವ ಹುಚ್ಚು ನನಗೆ ಹಿಡಿದದ್ದು ಹೀಗೆ. ನಡುವೆ ಮೀರತ್, ಚಂಡೀಗಢ ಸುತ್ತಿ ಮತ್ತೆ ದೆಹಲಿಗೇ ಬಂದು ನಿವೃತ್ತನಾದ ಮೇಲೂ ಅದು ಬಿಟ್ಟಿಲ್ಲ.

ಸರಾಯ್ ಎಂಬುದು ಪರ್ಷಿಯನ್ ಶಬ್ದ. ಮನೆ, ಅರಮನೆ, ತಂಗುದಾಣ ಎಲ್ಲಕ್ಕೂ ಅದು ಸಲ್ಲುತ್ತದೆ. ಒಂಟೆ, ಕುದುರೆ, ಎತ್ತಿನಗಾಡಿಗಳ ಕಾಲದಲ್ಲಿ ಪ್ರಯಾಣಿಕನಿಗೆ ರಾತ್ರಿ ಬೇಕಾಗಿದ್ದದ್ದು ನಾಲ್ಕೇ: ಗೋಡೆ, ನೀರು, ಮೇವು, ಕಾವಲು. ಇವನ್ನು ಒದಗಿಸುವುದು ಅರಸನ ಕರ್ತವ್ಯ, ಉಳ್ಳವರ ಪುಣ್ಯಕಾರ್ಯ ಎಂಬ ಭಾವನೆ ಬಹಳ ಹಿಂದಿನಿಂದಲೂ ಇತ್ತು. 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ದೆಹಲಿ ಮತ್ತು ಫಿರೋಜಾಬಾದಿನಲ್ಲಿ 120 ಖಾನ್‌ಖಾಗಳನ್ನು ಕಟ್ಟಿಸಿದನೆಂದು ಶಮ್ಸ್ ಸಿರಾಜ್ ಅಫೀಫ್ ಬರೆಯುತ್ತಾನೆ. ಬಂದ ಪ್ರಯಾಣಿಕ ಒಂದೊಂದರಲ್ಲಿ ಮೂರು ದಿನ ಅತಿಥಿಯಾಗಿ ಇರಬಹುದಿತ್ತು. ನೂರಿಪ್ಪತ್ತು ಮೂರಲೆ ಮುನ್ನೂರ ಅರವತ್ತು. ಅಂದರೆ ಇಡೀ ವರ್ಷ ಬಾಡಿಗೆಯಿಲ್ಲದೆ ದೆಹಲಿಯಲ್ಲಿ ಕಾಲ ಹಾಕಬಹುದು! ಈ ಲೆಕ್ಕ ನಾನು ಹಾಕಿದ್ದಲ್ಲ, ಅಫೀಫನೇ ಹಾಕಿದ್ದಾನೆ. ಪ್ರತಿ ತಿಂಗಳ ಐದನೇ ತಾರೀಖಿಗೆ ಇದು ನನಗೆ ನೆನಪಾಗುತ್ತಿತ್ತು.

ಸರಾಯ್ ಅಂದ ತಕ್ಷಣ ಎಲ್ಲರೂ ಹೇಳುವ ಹೆಸರು ಶೇರ್ ಷಾ ಸೂರಿಯದು. ಅವನು ಆಳಿದ್ದು 1540ರಿಂದ 1545ರವರೆಗೆ, ಬರೀ ಐದು ವರ್ಷ. ಬಂಗಾಳದ ಸೋನಾರ್‌ಗಾಂವ್‌ನಿಂದ ಸಿಂಧೂ ನದಿಯವರೆಗಿನ ಹೆದ್ದಾರಿಯಲ್ಲೂ ಉಳಿದ ದೊಡ್ಡ ರಸ್ತೆಗಳಲ್ಲೂ ಎರಡೆರಡು ಕೋಸಿಗೆ ಒಂದರಂತೆ 1700 ಸರಾಯ್‌ಗಳನ್ನು ಕಟ್ಟಿಸಿದನೆಂದು, ಅಕ್ಬರನ ಕಾಲದಲ್ಲಿ ಅವನ ಚರಿತ್ರೆ ಬರೆದ ಅಬ್ಬಾಸ್ ಖಾನ್ ಸರ್ವಾನಿ ಹೇಳುತ್ತಾನೆ. ಐದು ವರ್ಷಕ್ಕೆ 1700 ಅಂದರೆ ಹೆಚ್ಚುಕಡಿಮೆ ದಿನಕ್ಕೊಂದು. ಬ್ಯಾಂಕಿನಲ್ಲಿ ಯಾರಾದರೂ ಇಂಥ ಪ್ರಗತಿ ವರದಿ ಕೊಟ್ಟಿದ್ದರೆ ನಾವು ಇನ್‌ಸ್ಪೆಕ್ಷನ್ನಿಗೆ ಹೊರಟುಬಿಡುತ್ತಿದ್ದೆವು. ಹೊಗಳುವವರ ಅಂಕಿಯನ್ನು ಸ್ವಲ್ಪ ಕಡಿತ ಮಾಡಿಯೇ ಓದಬೇಕು. ಆದರೆ ವ್ಯವಸ್ಥೆಯ ಬಗ್ಗೆ ಅವನು ಕೊಡುವ ವಿವರಗಳು ಬಹಳ ಸ್ವಾರಸ್ಯವಾಗಿವೆ. ಹಿಂದೂಗಳಿಗೂ ಮುಸ್ಲಿಮರಿಗೂ ಪ್ರತ್ಯೇಕ ಕೋಣೆಗಳು. ಬಾಗಿಲ ಬಳಿ ತುಂಬಿದ ನೀರಿನ ಕೊಡಗಳು. ಹಿಂದೂ ಪ್ರಯಾಣಿಕರಿಗೆ ತಣ್ಣೀರು, ಬಿಸಿನೀರು, ಅಡುಗೆ, ಹಾಸಿಗೆ ಒದಗಿಸಲು, ಕುದುರೆಗೆ ಕಾಳು ಕೊಡಲು ಬ್ರಾಹ್ಮಣರ ನೇಮಕ. ನಡುವೆ ಬಾವಿ, ಇಟ್ಟಿಗೆಯ ಮಸೀದಿ. ಮೇಲ್ವಿಚಾರಕ, ಕಾವಲುಗಾರರು ಎಲ್ಲರಿಗೂ ಸರಾಯ್ ಸುತ್ತಲಿನ ಜಮೀನಿನಿಂದಲೇ ಜೀವನ. ಪ್ರತಿ ಸರಾಯ್‌ನಲ್ಲಿ ಎರಡು ಕುದುರೆ ಸದಾ ಸಿದ್ಧ, ಸುದ್ದಿ ಸಾಗಿಸಲು. ಹಾಗಾಗಿ ಸರಾಯ್ ಬರೀ ಛತ್ರವಲ್ಲ, ಛತ್ರ ಮತ್ತು ಅಂಚೆಮನೆ ಎರಡೂ.

ಮೊಗಲರು ಇದನ್ನೇ ಮುಂದುವರಿಸಿದರು. ದಾರಿ ತೋರಿಸಲು ಕೋಸಿಗೊಂದರಂತೆ ಎತ್ತರದ ಇಟ್ಟಿಗೆ ಕಂಬಗಳೂ ಎದ್ದವು. ಇವೇ ಕೋಸ್ ಮಿನಾರ್. ಒಂದು ಕೋಸು ಅಂದರೆ ಸುಮಾರು ಮೂರು ಕಿಲೋಮೀಟರು. ದೆಹಲಿಯ ಮೃಗಾಲಯದ ಒಳಗೆ ಇಂಥ ಒಂದು ಕಂಬ ಈಗಲೂ ಇದೆ. ಮಕ್ಕಳನ್ನು ಕರೆದುಕೊಂಡು ಹೋದವರು ಬಿಳಿಹುಲಿ ನೋಡಿ ಬರುತ್ತಾರೆ. ಹಳೆಯ ಹೆದ್ದಾರಿ ಅಲ್ಲೇ ಹಾದುಹೋಗುತ್ತಿತ್ತು ಅಂತ ಆ ಕಂಬ ಹೇಳುವುದನ್ನು ಕೇಳಿಸಿಕೊಳ್ಳುವವರು ಕಡಿಮೆ.

ಸರಾಯ್ ಕಟ್ಟಡದ ನಕ್ಷೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಚೌಕವಾದ ದೊಡ್ಡ ಅಂಗಳ, ಸುತ್ತ ಎತ್ತರದ ಗೋಡೆ, ಮೂಲೆಗಳಲ್ಲಿ ಬುರುಜು. ಹೊರಗಿನಿಂದ ನೋಡಿದರೆ ಚಿಕ್ಕ ಕೋಟೆ. ಎದುರುಬದುರಾಗಿ ಎರಡು ಭಾರೀ ಹೆಬ್ಬಾಗಿಲು. ಅಂಬಾರಿ ಹೊತ್ತ ಆನೆಯೂ ಹೇರು ತುಂಬಿದ ಒಂಟೆಯೂ ತಲೆ ಬಗ್ಗಿಸದೆ ಒಳಗೆ ಬರಬೇಕಲ್ಲ! ಒಳಗೋಡೆಗೆ ಆತುಕೊಂಡಂತೆ ಸಾಲು ಕೋಣೆಗಳು, ಇವಕ್ಕೆ ಹುಜ್ರಾ ಎನ್ನುತ್ತಾರೆ. ಕೋಣೆಯ ಮುಂದೆ ಕಮಾನಿನ ಜಗಲಿ. ಹೊರಗೋಡೆಯ ಕಡೆಗೆ ಕಿಟಕಿಯೇ ಇಲ್ಲ, ಬೆಳಕು ಬರುವುದೆಲ್ಲ ಅಂಗಳದ ಕಡೆಯಿಂದ. ಅಡುಗೆ ಮಾಡಿ ಬಡಿಸುವವರು ಭಟಿಯಾರರು, ಅವರ ಹೆಂಗಸರೂ ಇದೇ ಕೆಲಸ ಮಾಡುತ್ತಿದ್ದರು. ನಮ್ಮ ಕಡೆಯ ತೊಟ್ಟಿಮನೆಯನ್ನು ನೂರು ಪಾಲು ಹಿಗ್ಗಿಸಿ, ಹೆಂಚಿನ ಬದಲು ಕಲ್ಲಿನ ಕಮಾನು ಇಟ್ಟರೆ ಸರಾಯ್ ಆಗುತ್ತದೆ ಅಂತ ನಾನು ಊರಿನಿಂದ ಬಂದವರಿಗೆ ವಿವರಿಸುತ್ತೇನೆ. ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ 1630ರ ದಶಕದಲ್ಲಿ ಆಗ್ರಾದಲ್ಲಿ ನೂರ್ ಜಹಾನ್ ಕಟ್ಟಿಸಿದ್ದ ಸರಾಯ್ ನೋಡಿದ್ದ. 500 ಕುದುರೆ, ಎರಡು ಮೂರು ಸಾವಿರ ಜನ ಆರಾಮವಾಗಿ ಇರಬಹುದು, ಪೂರ್ತಿ ಕಲ್ಲಿನದು, ಒಂದು ತುಂಡು ಮರವೂ ಇಲ್ಲ ಅಂತ ಬರೆದಿಟ್ಟಿದ್ದಾನೆ.

ನನಗೆ ಬಹಳ ಹಿಡಿಸಿದ್ದು ಮನುಚ್ಚಿ ಹೇಳುವ ಸಂಗತಿ. ವೆನಿಸ್‌ನ ಈ ಹುಡುಗ 1656ರಲ್ಲಿ ಹಿಂದೂಸ್ತಾನಕ್ಕೆ ಬಂದು ಇಲ್ಲೇ ಮುದುಕನಾದವನು. ಸರಾಯ್‌ನ ಬಾಗಿಲನ್ನು ರಾತ್ರಿ ಭದ್ರವಾಗಿ ಹಾಕುತ್ತಿದ್ದರಂತೆ. ಬೆಳಗ್ಗೆ ತೆರೆಯುವ ಮುಂಚೆ ಕಾವಲುಗಾರ ಮೂರು ಸಲ ಗಟ್ಟಿಯಾಗಿ ಕೂಗುತ್ತಾನೆ: ನಿಮ್ಮ ನಿಮ್ಮ ಸಾಮಾನು ನೋಡಿಕೊಳ್ಳಿ ಅಂತ. ಯಾರದ್ದಾದರೂ ವಸ್ತು ಕಾಣೆಯಾಗಿದ್ದರೆ ಅದು ಸಿಗುವವರೆಗೆ ಬಾಗಿಲು ತೆರೆಯುವ ಹಾಗಿಲ್ಲ. ಕಳ್ಳ ಒಳಗೇ ಇರುತ್ತಾನಲ್ಲ! ಸಿಕ್ಕರೆ ಅವನಿಗೆ ಸರಾಯ್ ಎದುರಿಗೇ ಗಲ್ಲು. ಇದನ್ನು ಓದಿದಾಗ ನನಗೆ ನಮ್ಮ ಬ್ರ್ಯಾಂಚಿನ ಸಂಜೆಗಳು ಕಣ್ಣ ಮುಂದೆ ಬಂದವು. ಕ್ಯಾಶ್ ಟ್ಯಾಲಿ ಆಗುವವರೆಗೆ ಒಬ್ಬರೂ ಮನೆಗೆ ಹೊರಡುವಂತಿಲ್ಲ. ಒಮ್ಮೆ ಐವತ್ತು ರೂಪಾಯಿ ಕಡಿಮೆ ಬಂದು ರಾತ್ರಿ ಹತ್ತರವರೆಗೆ ಹನ್ನೊಂದು ಜನ ವೋಚರ್ ತಿರುವಿಹಾಕಿದ್ದೇವೆ. ಕೊನೆಗೆ ಸಿಕ್ಕಿದ್ದು ಕೂಡುವಾಗ ಆದ ತಪ್ಪು. ಗಲ್ಲು ಇರಲಿಲ್ಲ, ಮೆಮೋ ಇತ್ತು ಅಷ್ಟೆ.

ಸರಾಯ್‌ನಲ್ಲಿ ತಂಗುವ ದೊಡ್ಡ ವ್ಯಾಪಾರಿಗಳು ರೊಕ್ಕದ ಗಂಟನ್ನೆಲ್ಲ ಜೊತೆಯಲ್ಲೇ ಹೊತ್ತು ತಿರುಗಬೇಕಾಗಿರಲಿಲ್ಲ. ಅವರ ಕೈಯಲ್ಲಿ ಹುಂಡಿ ಇರುತ್ತಿತ್ತು. ಒಂದೂರಿನ ಸರಾಫನ ಹತ್ತಿರ ಬರೆಸಿಕೊಂಡ ಚೀಟಿಗೆ ಇನ್ನೊಂದೂರಿನಲ್ಲಿ ಹಣ. ನಾವು ಡಿ.ಡಿ. ಕೊಡುತ್ತಿದ್ದೆವಲ್ಲ, ಅದರ ಮುತ್ತಜ್ಜ ಇದು. ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ, ಸೂರತ್ತಿನ ಮೇಲೆ ಬರೆಯುವ ಹುಂಡಿಗೆ ಆಗ್ರಾದಲ್ಲಿ ಶೇ. 4ರಿಂದ 5, ಢಾಕಾದಲ್ಲಿ ಶೇ. 10ರವರೆಗೆ ವಟ್ಟ ಇತ್ತೆಂದು ಲೆಕ್ಕ ಕೊಡುತ್ತಾನೆ. ದೂರ ಹೆಚ್ಚಾದಷ್ಟೂ, ದಾರಿಯ ಅಪಾಯ ಹೆಚ್ಚಾದಷ್ಟೂ ವಟ್ಟ ಹೆಚ್ಚು. ಎಂ.ಕಾಂ.ನಲ್ಲಿ ನಮಗೆ ಕಲಿಸಿದ ಪಾಠವೂ ಇದೇ, ಅಂಗಳದಲ್ಲಿ ಒಂಟೆ ಮಾತ್ರ ಇರಲಿಲ್ಲ. ದಾರಿಯುದ್ದಕ್ಕೂ ಭದ್ರವಾದ ಸರಾಯ್‌ಗಳು ಇದ್ದರೆ ಅಪಾಯ ಇಳಿಯುತ್ತದೆ, ವ್ಯಾಪಾರ ಬೆಳೆಯುತ್ತದೆ, ಸುಂಕವೂ ಬರುತ್ತದೆ. ಅರಸರು ಪುಣ್ಯಕ್ಕೆ ಕಟ್ಟಿಸಿದರು ನಿಜ, ಆದರೆ ಅದು ನಷ್ಟದ ಬಾಬತ್ತೂ ಆಗಿರಲಿಲ್ಲ.

ಎಲ್ಲ ಸರಾಯ್‌ಗಳೂ ಚೆನ್ನಾಗಿದ್ದವು ಅಂತ ತಿಳಿಯಬಾರದು. ಫ್ರೆಂಚ್ ವೈದ್ಯ ಬರ್ನಿಯೆ ಸಾಧಾರಣ ಸರಾಯ್‌ಗಳನ್ನು ಕಂಡು ಮೂಗು ಮುಚ್ಚಿಕೊಂಡಿದ್ದ. ನೂರಾರು ಜನ ತಮ್ಮ ಕುದುರೆ, ಹೇಸರಗತ್ತೆ, ಒಂಟೆಗಳ ಜೊತೆಯಲ್ಲೇ ಮಲಗುತ್ತಾರೆ, ಬೇಸಿಗೆಯಲ್ಲಿ ಉಸಿರುಗಟ್ಟುತ್ತದೆ, ಚಳಿಗಾಲದಲ್ಲಿ ಆ ಪ್ರಾಣಿಗಳ ಉಸಿರಿನ ಬಿಸಿಯೇ ಜನರನ್ನು ಸಾಯದಂತೆ ಕಾಯುತ್ತದೆ ಎನ್ನುತ್ತಾನೆ. ಆದರೆ ಅವನೇ ದೆಹಲಿಯ ಒಂದು ಸರಾಯ್ ನೋಡಿ, ಇಂಥದ್ದು ನಮ್ಮ ಪ್ಯಾರಿಸ್ಸಿನಲ್ಲೂ ಇದ್ದಿದ್ದರೆ ಎಂದು ಆಸೆಪಟ್ಟ. ಷಹಜಹಾನನ ಮಗಳು ಜಹನಾರಾ ಚಾಂದನಿ ಚೌಕದಲ್ಲಿ ಕಟ್ಟಿಸಿದ ಬೇಗಂ ಸರಾಯ್ ಅದು. ಕೆಳಗೆ ಕಮಾನುಗಳ ಸಾಲು, ಹಿಂದೆ ಕೋಣೆಗಳು, ಮೇಲೆ ಸುತ್ತಲೂ ಪಡಸಾಲೆ ಮತ್ತು ಅಷ್ಟೇ ಕೋಣೆಗಳು. ಪರ್ಷಿಯಾ, ಉಜ್ಬೇಕ್ ಕಡೆಯ ಸಿರಿವಂತ ವರ್ತಕರು ಅಲ್ಲಿ ಇಳಿಯುತ್ತಿದ್ದರು. ರಾತ್ರಿ ಬಾಗಿಲು ಹಾಕಿದರೆ ನಿಶ್ಚಿಂತೆ.

ಈಗ ಹುಡುಕಿದರೆ ಅದರ ಒಂದು ಕಲ್ಲೂ ಸಿಗುವುದಿಲ್ಲ. 1857ರ ದಂಗೆ ಅಡಗಿದ ಮೇಲೆ ಇಂಗ್ಲಿಷರು ಅದನ್ನು ಕೆಡವಿ, 1860ರ ದಶಕದಲ್ಲಿ ಆ ಜಾಗದಲ್ಲಿ ಟೌನ್‌ಹಾಲ್ ಎಬ್ಬಿಸಿದರು. ಎದುರಿಗೆ ವಿಕ್ಟೋರಿಯಾ ರಾಣಿಯ ಪ್ರತಿಮೆ ನಿಂತಿತು. ಸ್ವಾತಂತ್ರ್ಯ ಬಂದ ಮೇಲೆ ಆಕೆ ಹೋಗಿ ಸ್ವಾಮಿ ಶ್ರದ್ಧಾನಂದರು ಬಂದರು. ಚಾಂದನಿ ಚೌಕಕ್ಕೆ ಸೀರೆ ಕೊಳ್ಳಲು ಹೋಗುವ ನಮ್ಮ ಹೆಂಗಸರು ಕಾಲು ನೋವಾದಾಗ ಕೂರುವ ಕಟ್ಟೆ, ಮೂರೂವರೆ ಶತಮಾನದ ಹಿಂದೆ ಸಮರ್‌ಕಂದಿನ ವ್ಯಾಪಾರಿ ಹೇರು ಇಳಿಸುತ್ತಿದ್ದ ಜಾಗ.

ಉಳಿದವುಗಳನ್ನು ಮುಗಿಸಿದ್ದು ರೈಲು. 1860ರ ದಶಕದಲ್ಲಿ ದೆಹಲಿಗೆ ರೈಲು ಬಂತು. ವಾರಗಟ್ಟಲೆ ಹಿಡಿಯುತ್ತಿದ್ದ ದಾರಿ ಒಂದೆರಡು ದಿನಕ್ಕೆ ಇಳಿದ ಮೇಲೆ ನಡುದಾರಿಯ ಸರಾಯ್ ಯಾರಿಗೆ ಬೇಕು? ಗೋಡೆಯೊಳಗೆ ಜನ ಸಂಸಾರ ಹೂಡಿದರು. ಹುಜ್ರಾ ಹೋಗಿ ಮನೆಯಾಯಿತು, ಅಂಗಳ ಓಣಿಯಾಯಿತು, ಇಟ್ಟಿಗೆ ಕಿತ್ತು ದನದ ಕೊಟ್ಟಿಗೆ ಕಟ್ಟಿದರು. ಹೀಗೆ ಅನೇಕ ಸರಾಯ್‌ಗಳು ಹಳ್ಳಿಗಳಾದವು. ಆ ಹಳ್ಳಿಗಳನ್ನು ಆಮೇಲೆ ದೆಹಲಿ ನುಂಗಿತು.

ಇಷ್ಟರ ನಡುವೆಯೂ ನೋಡಲು ಸಿಗುವ ಒಂದು ಸರಾಯ್ ಅಂದರೆ ಹುಮಾಯೂನನ ಸಮಾಧಿಯ ಪಕ್ಕದ ಅರಬ್ ಸರಾಯ್. 1560-61ರ ಸುಮಾರಿಗೆ ಹುಮಾಯೂನನ ವಿಧವೆ ಹಾಜಿ ಬೇಗಂ ಕಟ್ಟಿಸಿದ್ದೆಂದು ಹೇಳುತ್ತಾರೆ. ಮೆಕ್ಕಾ ಯಾತ್ರೆಯಿಂದ ಬರುವಾಗ ಆಕೆ ಮುನ್ನೂರು ಅರಬ್ಬರನ್ನು ಕರೆತಂದು ಇಲ್ಲಿ ಇರಿಸಿದಳು ಎಂಬುದು ಒಂದು ಮಾತು. ಸಮಾಧಿ ಕಟ್ಟಲು ಬಂದ ಪರ್ಷಿಯಾದ ಕುಶಲಕರ್ಮಿಗಳ ವಸತಿ ಇದು ಎಂಬುದು ಇನ್ನೊಂದು. ಎರಡರಲ್ಲಿ ಯಾವುದಾದರೂ ಸರಿ, ದೂರದೇಶದಿಂದ ಕೆಲಸಕ್ಕೆಂದು ಕರೆಸಿಕೊಂಡವರಿಗೆ ಕೊಟ್ಟ ಕ್ವಾರ್ಟರ್ಸ್ ಅದು! ಉತ್ತರದ ಹೆಬ್ಬಾಗಿಲು ಸುಮಾರು 14 ಮೀಟರ್ ಎತ್ತರ. ದೆಹಲಿಯ ಬೂದುಬಣ್ಣದ ಗಟ್ಟಿ ಕಲ್ಲಿನ ಮೈ, ಕೆಂಪು ಮರಳುಗಲ್ಲಿನ ಅಂಚು, ನಡುನಡುವೆ ಬಿಳಿ ಅಮೃತಶಿಲೆ. ಮೇಲೆ ಮುಂದಕ್ಕೆ ಚಾಚಿದ ಜರೋಕಾಗಳು. ಪೂರ್ವದ ಬಾಗಿಲನ್ನು ಜಹಾಂಗೀರನ ಕಾಲದಲ್ಲಿ ಅವನ ಅಂತಃಪುರದ ಅಧಿಕಾರಿ ಮಿಹ್ರ್ ಬಾನು ಕಟ್ಟಿಸಿದ್ದು, ಅದರಾಚೆ ಒಂದು ಪೇಟೆಯೇ ಇತ್ತು. ತಂಗುದಾಣ ಇದ್ದ ಕಡೆ ಮಂಡಿ ಬರುವುದು ಆಗಲೂ ಇತ್ತು.

ಈ ಸರಾಯ್‌ನ ಚರಿತ್ರೆಯಲ್ಲಿ ನನ್ನ ಮನಸ್ಸು ಕಲಕುವ ಅಧ್ಯಾಯ ಮೊಗಲರದ್ದಲ್ಲ, 1947ರದ್ದು. ದೇಶ ಇಬ್ಭಾಗವಾದಾಗ ಹುಮಾಯೂನನ ಸಮಾಧಿಯ ಆವರಣವೂ ಪುರಾನಾ ಕಿಲಾವೂ ನಿರಾಶ್ರಿತರ ಶಿಬಿರಗಳಾದವು. ಮೊದಲು ಪಾಕಿಸ್ತಾನಕ್ಕೆ ಹೊರಟ ಮುಸ್ಲಿಮರು, ಆಮೇಲೆ ಪಶ್ಚಿಮ ಪಂಜಾಬಿನಿಂದ ಎಲ್ಲ ಕಳೆದುಕೊಂಡು ಬಂದ ಹಿಂದೂಗಳು, ಸಿಖ್ಖರು. 1948ರಲ್ಲಿ ಅರಬ್ ಸರಾಯ್‌ನಲ್ಲಿ ನಿರಾಶ್ರಿತರಿಗೆ ಕಸುಬು ಕಲಿಸುವ ಕೇಂದ್ರ ಶುರುವಾಯಿತು. ಅದೇ ಮುಂದೆ ಐ.ಟಿ.ಐ. ಆಯಿತು, ಹೆಸರು ಅರಬ್ ಕಿ ಸರಾಯ್ ಎಂದೇ ಉಳಿಯಿತು. ಮುನ್ನೂರ ಎಂಬತ್ತು ವರ್ಷಗಳ ನಂತರ ಸರಾಯ್ ಮತ್ತೆ ತನ್ನ ಹುಟ್ಟಿದ ಕೆಲಸಕ್ಕೇ ಮರಳಿತು. ಅದೇ ಕಾಲದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ದೆಹಲಿ ಸುತ್ತಿನ ನಿರಾಶ್ರಿತರು ಫರೀದಾಬಾದಿನಲ್ಲಿ ನೆಲೆ ನಿಲ್ಲಲು ದುಡಿದದ್ದನ್ನು ಇಲ್ಲಿ ನೆನೆಯಬೇಕು. ದೆಹಲಿಗೆ ಬಂದ ಕನ್ನಡಿಗರೆಲ್ಲ ಬಾಡಿಗೆ ಕೊಟ್ಟುಕೊಂಡು ಸುಮ್ಮನೆ ಇದ್ದವರಲ್ಲ.

ನಮ್ಮ ನಾಡಿನಲ್ಲೂ ಈ ಪರಂಪರೆ ಕಡಿಮೆಯೇನಿಲ್ಲ. ವಿಜಯಪುರದ ತಾಜ್ ಬಾವಡಿಯ ಎರಡು ಪಕ್ಕದ ಕಟ್ಟಡಗಳು ಪ್ರಯಾಣಿಕರ ತಂಗುದಾಣವೇ ಆಗಿದ್ದವು. ಬೆಂಗಳೂರು ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಎಷ್ಟು ಹಳ್ಳಿ ಹುಡುಗರಿಗೆ ಆಸರೆಯಾಗಿಲ್ಲ! ನಮ್ಮ ತಂದೆ ಮೊದಲ ಸಲ ಬೆಂಗಳೂರು ನೋಡಿದಾಗ ಇಳಿದದ್ದು ಅಲ್ಲೇ. ನಮ್ಮೂರಿನ ಬೇಸಿಗೆಯ ಅರವಟ್ಟಿಗೆಯಲ್ಲಿ ಮಜ್ಜಿಗೆ ಕೊಡುವವರು ಕುಡಿಯುವವನ ಊರು ಕೇಳುತ್ತಿರಲಿಲ್ಲ. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಛತ್ರ ಕ್ರಮೇಣ ಮದುವೆಮನೆಯಾಯಿತು, ದೆಹಲಿಯಲ್ಲಿ ಸರಾಯ್ ಬಾಡಿಗೆಮನೆಯಾಯಿತು.

ಈಗ ಅರಬ್ ಸರಾಯ್‌ನ ಬಾಗಿಲಿಗೆ ಆಗಾ ಖಾನ್ ಟ್ರಸ್ಟಿನವರು ಜೀರ್ಣೋದ್ಧಾರ ಮಾಡಿ ಒಳ್ಳೆಯ ಕಳೆ ಬಂದಿದೆ. 2018ರಲ್ಲಿ ಪಕ್ಕದ ಸುಂದರ್ ನರ್ಸರಿ ಉದ್ಯಾನ ಜನರಿಗೆ ತೆರೆಯಿತು. 2024ರಲ್ಲಿ ವಸ್ತುಸಂಗ್ರಹಾಲಯವೂ ಬಂತು. ಬೆಂಗಳೂರಿನಿಂದ ರಾಜಧಾನಿ ರೈಲಿನಲ್ಲಿ ಬರುವವರು ಇಳಿಯುವುದು ಹಜರತ್ ನಿಜಾಮುದ್ದೀನ್ ನಿಲ್ದಾಣದಲ್ಲಿ. ನಿಲ್ದಾಣದ ಒಂದು ಕಡೆಗೆ ಸರಾಯ್ ಕಾಲೇ ಖಾನ್, ಇನ್ನೊಂದು ಕಡೆಗೆ ಸ್ವಲ್ಪ ದೂರದಲ್ಲೇ ಅರಬ್ ಸರಾಯ್. ನಾವು ಗೊತ್ತಿಲ್ಲದೆಯೇ ಎರಡು ಸರಾಯ್‌ಗಳ ನಡುವೆ ಬಂದಿಳಿಯುತ್ತೇವೆ. ಕೆಂಪುಕೋಟೆ, ಕುತುಬ್ ಮಿನಾರ್ ಜೊತೆಗೆ ಇದಕ್ಕೂ ಎರಡು ಗಂಟೆ ಇಟ್ಟುಕೊಳ್ಳಿ. ಸಮಾಧಿಯ ಟಿಕೆಟ್ಟಿನಲ್ಲೇ ಹೆಬ್ಬಾಗಿಲನ್ನೂ ನೋಡಬಹುದು.

ನಿವೃತ್ತಿಯಾದಾಗಿನಿಂದ ನಮ್ಮ ಮನೆಯಲ್ಲಿ ಒಂದು ಮಾತು ನಡೆಯುತ್ತಲೇ ಇದೆ. ದ್ವಾರಕಾದ ಫ್ಲ್ಯಾಟ್ ಮಾರಿ ಊರಿಗೆ ಹೋಗೋಣವೇ? ಅಮ್ಮ ಹೋದ ಮೇಲೆ ತಿಪಟೂರಿನ ಮನೆ ಪಾಲಾಗಿ ಮಾರಾಟವಾಯಿತು. ಮಕ್ಕಳು ಹುಟ್ಟಿ ಬೆಳೆದದ್ದು ಇಲ್ಲಿ, ಅವರು ಜಗಳವಾಡುವುದು ಹಿಂದಿಯಲ್ಲಿ. ಕಳೆದ ಚಳಿಗಾಲದಲ್ಲಿ ನಾವಿಬ್ಬರೇ ಅರಬ್ ಸರಾಯ್‌ಗೆ ಹೋಗಿ ಬಾಗಿಲ ಬಳಿಯ ಬಿಸಿಲಲ್ಲಿ ಚಿತ್ರಾನ್ನ ತಿಂದು ಕೂತಿದ್ದೆವು. ನಾನು ಮುದುಕರ ಮಾತು ಎತ್ತಿದೆ, ಇದು ಮುಸಾಫಿರರ ಜಾಗ, ಬರ್ತೀರಿ ಹೋಗ್ತೀರಿ ಅಂದಿದ್ದರಲ್ಲ ಅಂತ. ಅದಕ್ಕೆ ನನ್ನಾಕೆ, "ರೀ, ಆ ಸರಾಯ್‌ಗಳೆಲ್ಲ ಊರಾಗಿದ್ದು ಹೇಗೆ ಅಂತ ನೀವೇ ತಾನೇ ಹೇಳ್ತಿದ್ರಿ? ಹೋಗಬೇಕು ಅಂತಿದ್ದೋರು ಹೋಗದೇ ಉಳ್ಕೊಂಡಿದ್ರಿಂದ" ಅಂದಳು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷ ಊರಿನ ಲೆಕ್ಕದಲ್ಲಿ ನಾನು ಹೋದವನು, ದೆಹಲಿಯ ಲೆಕ್ಕದಲ್ಲಿ ಬಂದವನು. ಎರಡು ಪುಸ್ತಕ ಟ್ಯಾಲಿ ಮಾಡಲು ಇಷ್ಟು ದಿನ ಒದ್ದಾಡಿದೆ. ಮುನ್ನೂರು ಅರಬ್ಬರಲ್ಲಿ ಎಷ್ಟು ಜನ ವಾಪಸ್ ಹೋದರೋ ಯಾರೂ ಬರೆದಿಟ್ಟಿಲ್ಲ. ಡಬ್ಬಿ ಮುಚ್ಚಿ ಎದ್ದೆವು. ಮನೆಗೆ ಹೋಗುವ ಮೆಟ್ರೋ ಹಿಡಿಯಬೇಕಿತ್ತು. ಫ್ಲ್ಯಾಟ್ ಮಾರುವ ಮಾತನ್ನು ಆಮೇಲೆ ನಾವು ಎತ್ತಿಲ್ಲ. ಊರಿಗೆ ಈ ವರ್ಷವೂ ಜಾತ್ರೆಗೆ ಬರುತ್ತೇವೆ, ಹದಿನೈದು ದಿನ ಇರುತ್ತೇವೆ.